ಬೆಳೆಯೋ ಮಕ್ಕಳು, ದೊಡ್ಡ ಹೆಲ್ಮೆಟ್ಟು

ಸೈಕಲ್ ಬಗ್ಗೆ ನಮ್ಮ ಬ್ಲಾಗಿಗರು ಬರೆದಷ್ಟು ಚೆನ್ನಾಗಿ ಬೇರೆ ಯಾರೂ ಬರೆದಿರಲಿಕ್ಕಿಲ್ಲ. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು, ಸೀಟು ಎಟುಕದೆ ಸರಳಿನ ಒಳಗೆ ಕಾಲು ತೂರಿಸಿ ಪೆಡಲ್ ತುಳಿದದ್ದು, ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬೇಲಿಗೆ ನುಗ್ಗಿದ್ದು, ಮಂಡಿ ತರಚಿದ್ದಕ್ಕೆ ಅಮ್ಮ ಅರಿಸಿನ ಮೆತ್ತಿದ್ದು... ಎಲ್ಲಾ ಓದಿ ಖುಷಿಪಟ್ಟಿದ್ದೇನೆ. ಆದರೆ ಆ ನೆನಪುಗಳಲ್ಲಿ ಎಲ್ಲೂ ಹೆಲ್ಮೆಟ್ ಬರೋದಿಲ್ಲ. ಬರೋದಾದರೂ ಹೇಗೆ ಹೇಳಿ? ಆಗ ಸೈಕಲ್ಲಿಗೆ ಹೆಲ್ಮೆಟ್ ಹಾಕ್ಕೊಂಡು ಬಂದಿದ್ದರೆ ಬೀದಿಯ ನಾಯಿಗಳೂ ಅಟ್ಟಿಸಿಕೊಂಡು ಬರ್ತಿದ್ದವು :-)

ಈಗ ಹಾಗಿಲ್ಲ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಕಡೆಗೋ ನಂದಿಬೆಟ್ಟದ ರಸ್ತೆಗೋ ಹೋಗಿ ನೋಡಿ, ಬಣ್ಣಬಣ್ಣದ ಹೆಲ್ಮೆಟ್ಟುಗಳ ಮೆರವಣಿಗೆಯೇ ಸಿಗುತ್ತೆ. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಮೂರು ವರ್ಷದ ಮಗು ಪುಟ್ಟ ಚಕ್ರ ಜೋಡಿಸಿದ ಸೈಕಲ್ ತುಳಿಯುವಾಗಲೂ ತಲೆ ಮೇಲೆ ಒಂದು ಹೆಲ್ಮೆಟ್ ಇರುತ್ತೆ. ಒಳ್ಳೆಯದೇ. ಆದರೆ ಸ್ವಲ್ಪ ಹತ್ತಿರ ಹೋಗಿ ನೋಡಿ. ಆ ಹೆಲ್ಮೆಟ್ಟು ಎಲ್ಲಿದೆ? ಅರ್ಧ ಜನರದ್ದು ಹಿಂದಕ್ಕೆ ಜಾರಿ ನೆತ್ತಿಯ ಮೇಲೆ ಟೋಪಿ ಥರ ಕೂತಿದೆ. ಕೆಲವರದ್ದು ಗಲ್ಲದ ಪಟ್ಟಿ ಹಾರದ ಹಾಗೆ ಎದೆ ಹತ್ತಿರ ತೂಗಾಡ್ತಿದೆ. ಮಕ್ಕಳದ್ದಂತೂ ಕಣ್ಣಿನ ಮೇಲೆ ಬಂದು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಹೆಲ್ಮೆಟ್ ಮೇಲೆತ್ತಿಕೊಂಡು ದಾರಿ ನೋಡಬೇಕು.

ಈ ಬರಹದಲ್ಲಿ ನಾನು ಹೇಳಬೇಕು ಅಂದುಕೊಂಡಿರೋದು ಎರಡೇ ಮಾತು. ಒಂದು, ತಲೆಗೆ ಸರಿಯಾಗಿ ಕೂರದ ಹೆಲ್ಮೆಟ್ಟು ಹೆಲ್ಮೆಟ್ಟೇ ಅಲ್ಲ. ಎರಡು, ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿ ದಂಡ ಹಾಕಿ ಅಂತ ಆಗಾಗ ಕೇಳಿಬರುವ ಮಾತಿಗೆ ನನ್ನ ವಿರೋಧ ಇದೆ. ಇವೆರಡೂ ಒಂದಕ್ಕೊಂದು ಎದುರು ಅಂತ ಅನ್ನಿಸಬಹುದು. ಅಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ಮಕ್ಕಳ ವಿಷಯ.

ಕಳೆದ ವರ್ಷ ನನ್ನ ಅಣ್ಣನ ಮಗನಿಗೆ ಹೆಲ್ಮೆಟ್ ಕೊಡಿಸೋಕೆ ಒಂದು ಅಂಗಡಿಗೆ ಹೋಗಿದ್ವಿ. ಅವನಿಗೆ ಏಳು ವರ್ಷ. ಅಂಗಡಿಯವರು ಪೆಟ್ಟಿಗೆಯಿಂದ ಒಂದು ತೆಗೆದು ಅವನ ತಲೆಗೆ ಇಟ್ಟರು. ಸೀದಾ ಮೂಗಿನವರೆಗೆ ಇಳೀತು. "ಚಿಕ್ಕಪ್ಪಾ, ಏನೂ ಕಾಣ್ತಿಲ್ಲ" ಅಂದ. ಅಂಗಡಿಯವರು ಹಿಂದಿನ ತಿರುಗಣೆಯನ್ನು ಕಿರ್ ಕಿರ್ ಅಂತ ಕೊನೇವರೆಗೆ ಬಿಗಿ ಮಾಡಿ, "ಈಗ ಸರಿಯಾಯ್ತಲ್ಲ ಸಾರ್. ಬೆಳೆಯೋ ಮಕ್ಕಳು, ಒಂದು ಸೈಜ್ ದೊಡ್ಡದೇ ತಗೊಂಡರೆ ನಾಲ್ಕು ವರ್ಷ ಬರುತ್ತೆ" ಅಂದರು. ಅತ್ತಿಗೆಯೂ ಹೌದು ಹೌದು ಅಂತ ತಲೆ ಆಡಿಸಿದರು.

ಇದು ಆ ಅಂಗಡಿಯವರೊಬ್ಬರ ಮಾತಲ್ಲ. ನಮ್ಮೆಲ್ಲರ ಮನೆಯ ಮಾತು. ಯೂನಿಫಾರಂ ಅಂಗಿಗೆ ಎರಡು ಇಂಚು ಜಾಸ್ತಿ ಬಟ್ಟೆ, ಲಂಗಕ್ಕೆ ಒಳಗೆ ಮಡಿಸಿ ಹೊಲಿದ ಪಟ್ಟಿ, ಶೂ ಮುಂದೆ ತುರುಕಿದ ಹತ್ತಿ. ಹೀಗೇ ಬೆಳೆದವರು ನಾವು. ಅದರಲ್ಲಿ ತಪ್ಪೇನೂ ಇಲ್ಲ, ಕಾಲು ಬೆಳೆಯುತ್ತೆ, ಕೈ ಬೆಳೆಯುತ್ತೆ. ಆದರೆ ತಲೆ?

ಇಲ್ಲೇ ಇರೋದು ಸ್ವಾರಸ್ಯ. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 34-35 ಸೆಂಟಿಮೀಟರ್. ಒಂದು ವರ್ಷ ತುಂಬೋ ಹೊತ್ತಿಗೆ 45-46. ಅಂದರೆ ಮೊದಲ ವರ್ಷದಲ್ಲೇ ಹತ್ತು ಹನ್ನೊಂದು ಸೆಂಟಿಮೀಟರ್ ಬೆಳೆದುಬಿಡುತ್ತೆ. ಐದು ವರ್ಷಕ್ಕೆ ಸುಮಾರು 50. ದೊಡ್ಡವರಾದ ನಮ್ಮದು ಎಷ್ಟು? ಹೆಚ್ಚಿನವರದ್ದು 54ರಿಂದ 58ರ ಒಳಗೆ. ಐದು ವರ್ಷದ ಮಗುವಿನ ತಲೆ ಮುಂದಿನ ಹತ್ತು ಹನ್ನೆರಡು ವರ್ಷದಲ್ಲಿ ಬೆಳೆಯೋದು ಹೆಚ್ಚುಕಡಿಮೆ ಐದಾರು ಸೆಂಟಿಮೀಟರ್ ಮಾತ್ರ! ಮಗು ಎರಡಡಿ ಎತ್ತರ ಆಗೋ ಅಷ್ಟರಲ್ಲಿ ತಲೆ ಹೀಗೆ ಎರಡು ಬೆರಳು ದಪ್ಪ ಆಗಿರುತ್ತೆ ಅಷ್ಟೆ. ಮಕ್ಕಳ ಹೆಲ್ಮೆಟ್ಟುಗಳಲ್ಲಿ ಹಿಂದಿನ ತಿರುಗಣೆಯೇ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸವನ್ನು ಹೊಂದಿಸಿಕೊಳ್ಳುತ್ತೆ. ಹಾಗಾಗಿ ಇವತ್ತು ಸರಿಯಾಗಿ ಕೂರುವ ಹೆಲ್ಮೆಟ್ಟೇ ಮೂರ್ನಾಲ್ಕು ವರ್ಷ ಬರುತ್ತೆ. ದೊಡ್ಡದು ತಗೊಂಡರೆ ಉಳಿತಾಯ ಅನ್ನೋ ಲೆಕ್ಕ ಅಂಗಿಗೆ ಸರಿ, ಹೆಲ್ಮೆಟ್ಟಿಗೆ ಪೂರ್ತಿ ತಪ್ಪು.

ಸರಿ, ಸ್ವಲ್ಪ ಸಡಿಲ ಇದ್ದರೆ ಏನಾಗುತ್ತೆ? ಅಮೆರಿಕದ ಸಿಯಾಟಲ್‌ನಲ್ಲಿ ಫ್ರೆಡರಿಕ್ ರಿವಾರಾ ಮತ್ತು ಸಂಗಡಿಗರು ಇದನ್ನೇ ಹಿಡಿದು ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ಹೆಲ್ಮೆಟ್ ಹಾಕಿಕೊಂಡೇ ಬಿದ್ದವರನ್ನು. ಸರಿಯಾಗಿ ಕೂರದ ಹೆಲ್ಮೆಟ್ ಹಾಕಿದವರಲ್ಲಿ ತಲೆಗೆ ಪೆಟ್ಟಾಗುವ ಸಾಧ್ಯತೆ, ಚೆನ್ನಾಗಿ ಕೂತ ಹೆಲ್ಮೆಟ್ ಹಾಕಿದವರಿಗಿಂತ ಸುಮಾರು ಎರಡು ಪಟ್ಟು (1.96) ಇತ್ತು. ತಲೆಗೆ ಪೆಟ್ಟಾದ ಮಕ್ಕಳ ಹೆಲ್ಮೆಟ್ಟುಗಳು ಅವರ ತಲೆಗಿಂತ ಹೆಚ್ಚು ಅಗಲವಾಗಿದ್ದವು. ಅದೇ ದುಡ್ಡು, ಅದೇ ಹೆಲ್ಮೆಟ್ಟು, ಸೈಜು ಮಾತ್ರ ತಪ್ಪು.

ನಾವು ಅವತ್ತು ದೊಡ್ಡದನ್ನು ತಗೊಳ್ಳಲಿಲ್ಲ. ಎದುರಿನ ಬಟ್ಟೆ ಅಂಗಡಿಯಿಂದ ಅಳತೆ ಟೇಪು ಇಸ್ಕೊಂಡು ಬಂದು ಅಳೆದೆ. 52. ಅದಕ್ಕೆ ತಕ್ಕದ್ದು ಆ ಅಂಗಡಿಯಲ್ಲಿ ಇರಲಿಲ್ಲ, ಮೂರನೇ ಅಂಗಡಿಯಲ್ಲಿ ಸಿಕ್ತು. ಅತ್ತಿಗೆ ಸ್ವಲ್ಪ ಗೊಣಗಿದರು ಅನ್ನಿ :-)

ಇಷ್ಟಕ್ಕೂ ಈ ಹೆಲ್ಮೆಟ್ಟು ಕೆಲಸ ಮಾಡೋದು ಹೇಗೆ? ಮೇಲಿನ ಬಣ್ಣದ ಪ್ಲಾಸ್ಟಿಕ್ಕು ಬರೀ ಸಿಪ್ಪೆ. ನಿಜವಾದ ಕೆಲಸ ಒಳಗಿನ ಥರ್ಮೊಕೋಲಿನದ್ದು. ಟಿವಿ ಡಬ್ಬದಲ್ಲಿ ಬರುತ್ತಲ್ಲ, ಅದೇ ಜಾತಿ, ಆದರೆ ಇನ್ನೂ ಗಟ್ಟಿ, ಒತ್ತೊತ್ತಾಗಿ ಮಾಡಿದ್ದು. ತಲೆ ನೆಲಕ್ಕೆ ಬಡಿದಾಗ ಅದು ಅಪ್ಪಚ್ಚಿಯಾಗುತ್ತೆ. ಹಾಗೆ ಅಪ್ಪಚ್ಚಿಯಾಗೋಕೆ ಕೆಲವು ಮಿಲಿಸೆಕೆಂಡ್ ಹಿಡಿಯುತ್ತೆ. ಆ ಮಿಲಿಸೆಕೆಂಡುಗಳೇ ನಮ್ಮ ಪಾಲಿಗೆ ದೇವರು. ಒಂದೇ ಏಟಿಗೆ ನಿಲ್ಲಬೇಕಾಗಿದ್ದ ತಲೆ ಕೊಂಚ ನಿಧಾನವಾಗಿ ನಿಲ್ಲುತ್ತೆ, ಮಿದುಳಿಗೆ ಬೀಳುವ ಪೆಟ್ಟು ಕಡಿಮೆಯಾಗುತ್ತೆ. ಹೀಗೆ ಅಪ್ಪಚ್ಚಿಯಾದ ಥರ್ಮೊಕೋಲ್ ಮತ್ತೆ ಉಬ್ಬೋದಿಲ್ಲ. ಅದಕ್ಕೇ ಒಂದು ಸಲ ಜೋರಾಗಿ ಬಿದ್ದ ಹೆಲ್ಮೆಟ್ಟನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಹಾಕಬಾರದು ಅನ್ನೋದು. ಬೇರೆಯವರು ಬಳಸಿದ ಹೆಲ್ಮೆಟ್ ಕೊಳ್ಳಬೇಡಿ ಅನ್ನೋದೂ ಅದಕ್ಕೇ. ಅದು ಎಷ್ಟು ಸಲ ಬಿದ್ದಿದೆಯೋ ಯಾರಿಗೆ ಗೊತ್ತು?

ಅದು ಎಷ್ಟು ಪೆಟ್ಟು ತಡೆಯುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಯುರೋಪಿನ ಇಎನ್ 1078 ಮಾನದಂಡದಲ್ಲಿ, ಒಳಗೆ ಲೋಹದ ತಲೆ ಇಟ್ಟ ಹೆಲ್ಮೆಟ್ಟನ್ನು ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ ಸಪಾಟು ಉಕ್ಕಿನ ಮೇಲೆ ಬೀಳಿಸ್ತಾರೆ. ಅಂದರೆ ಹೆಚ್ಚುಕಡಿಮೆ ಒಂದೂವರೆ ಮೀಟರ್ ಎತ್ತರದಿಂದ. ಆಮೇಲೆ ಫುಟ್‌ಪಾತಿನ ಅಂಚುಗಲ್ಲಿನ ಆಕಾರದ ಉಕ್ಕಿನ ಮೇಲೆ 4.57 ಮೀಟರ್ ವೇಗದಲ್ಲಿ. ಒಳಗಿನ ತಲೆಗೆ ತಗಲುವ ಹೊಡೆತ ಗುರುತ್ವದ 250 ಪಟ್ಟು ಮೀರಬಾರದು. ಅಮೆರಿಕದ ಸಿಪಿಎಸ್‌ಸಿ ಪರೀಕ್ಷೆ ಇನ್ನೂ ಕಠಿಣ, ಅಲ್ಲಿ ಸಪಾಟು ಉಕ್ಕಿನ ಮೇಲೆ ಎರಡು ಮೀಟರ್ ಎತ್ತರದಿಂದ ಬೀಳಿಸ್ತಾರೆ, ಮಿತಿ 300. ಅಲ್ಲಿ 1999ರ ಮಾರ್ಚ್‌ನಿಂದ ಈಚೆಗೆ ತಯಾರಾದ ಪ್ರತಿಯೊಂದು ಸೈಕಲ್ ಹೆಲ್ಮೆಟ್ಟೂ ಇದನ್ನು ಪಾಸಾಗಲೇಬೇಕು.

ಈ ಅಂಕಿಗಳನ್ನು ಯಾಕೆ ಕೊಟ್ಟೆ ಅಂದರೆ, ಸೈಕಲ್ ಹೆಲ್ಮೆಟ್ಟಿನಿಂದ ಏನು ಆಗುತ್ತೆ, ಏನು ಆಗಲ್ಲ ಅನ್ನೋದು ಇದರಲ್ಲೇ ಇದೆ. ಒಂದೂವರೆ ಎರಡು ಮೀಟರ್ ಅಂದರೆ ಸೈಕಲ್ ಮೇಲೆ ಕೂತಿರೋ ನಮ್ಮ ತಲೆಯ ಎತ್ತರ. ಗುಂಡಿಗೆ ಚಕ್ರ ಸಿಕ್ಕಿ, ಮರಳಲ್ಲಿ ಜಾರಿ, ನಾಯಿ ಅಡ್ಡ ಬಂದು ಬಿದ್ದರೆ ಕಾಪಾಡೋಕೆ ಇದನ್ನು ಮಾಡಿರೋದು. ನಮ್ಮ ಬೀಳುವಿಕೆಗಳಲ್ಲಿ ಬಹಳಷ್ಟು ಇಂಥವೇ ಅಲ್ವಾ? ಆದರೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಬರುವ ಟಿಪ್ಪರ್ ಲಾರಿಗೆ ಇದು ಉತ್ತರ ಅಲ್ಲ. ಆ ಉತ್ತರವನ್ನು ರಸ್ತೆ ಮಾಡುವವರು ಕೊಡಬೇಕು. ಇದಕ್ಕೆ ಆಮೇಲೆ ಬರ್ತೀನಿ.

ಆದರೂ ಹಾಕೋದರಿಂದ ಲಾಭ ಇದೆಯಾ ಅಂದರೆ, ಖಂಡಿತ ಇದೆ. ಆಸ್ಟ್ರೇಲಿಯಾದ ಜೇಕ್ ಆಲಿವಿಯರ್ ಮತ್ತು ಪ್ರುಡೆನ್ಸ್ ಕ್ರೈಟನ್ 2016ರಲ್ಲಿ 40 ಅಧ್ಯಯನಗಳನ್ನು, ಅಂದರೆ ಗಾಯಗೊಂಡ 64 ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರ ಮಾಹಿತಿಯನ್ನು ಒಟ್ಟಿಗೆ ಸೇರಿಸಿ ನೋಡಿದರು. ಹೆಲ್ಮೆಟ್ ಹಾಕಿದವರಲ್ಲಿ ತಲೆಗೆ ಗಂಭೀರ ಪೆಟ್ಟಾಗುವ ಸಾಧ್ಯತೆ ಸುಮಾರು ಶೇ. 69ರಷ್ಟು ಕಡಿಮೆ ಅಂತ ಕಂಡುಬಂತು. ಇಷ್ಟು ಸಾಲದೇ?

ಈಗ ಕೊಳ್ಳುವ ವಿಷಯ. ಮೊದಲ ಕೆಲಸ ಬಣ್ಣ ನೋಡೋದಲ್ಲ, ತಲೆ ಅಳೆಯೋದು. ದರ್ಜಿಯ ಟೇಪನ್ನು ಹುಬ್ಬಿನಿಂದ ಒಂದು ಇಂಚು ಮೇಲೆ, ಕಿವಿಗಳ ಮೇಲಿಂದ, ಹಿಂಭಾಗದಲ್ಲಿ ತಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿಂದ ಸುತ್ತ ತಂದು ಅಳೆಯಿರಿ. ಟೇಪು ಇಲ್ಲದಿದ್ದರೆ ಒಂದು ದಾರ, ಒಂದು ಸ್ಕೇಲು ಸಾಕು. ಈ ಅಳತೆ ಬರೆದಿಟ್ಟುಕೊಂಡೇ ಅಂಗಡಿಗೆ ಹೋಗಿ. ಸ್ಮಾಲ್, ಮೀಡಿಯಂ, ಲಾರ್ಜ್ ಅನ್ನೋದು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಪೆಟ್ಟಿಗೆ ಮೇಲೆ ಸೆಂಟಿಮೀಟರಿನಲ್ಲಿ ಬರೆದಿರುತ್ತಲ್ಲ, ಅದನ್ನೇ ನಂಬಿ.

ಎರಡನೆಯದು, ಒಳಗಿನ ಚೀಟಿ. ನಮ್ಮಲ್ಲಿ ಹೆಲ್ಮೆಟ್ ಅಂದ ತಕ್ಷಣ ಐಎಸ್‌ಐ ಗುರುತು ಹುಡುಕ್ತೀವಿ. ಹೆಲ್ಮೆಟ್ಟುಗಳ ಮೇಲೆ ನಾವು ನೋಡುವ ಆ ಗುರುತು, ಐಎಸ್ 4151, ಮೋಟಾರು ದ್ವಿಚಕ್ರದವರ ಹೆಲ್ಮೆಟ್ಟಿಗೆ ಮಾಡಿದ್ದು. ಸೈಕಲ್ ಹೆಲ್ಮೆಟ್ಟಿನ ಒಳಗೆ ಹುಡುಕಬೇಕಾದ್ದು ನಾನು ಮೇಲೆ ಹೇಳಿದ ಇಎನ್ 1078 ಅಥವಾ ಸಿಪಿಎಸ್‌ಸಿ. ಎರಡೂ ಇಲ್ಲದಿದ್ದರೆ ಅದು ಆಟದ ಸಾಮಾನು, ಎಷ್ಟೇ ಚಂದ ಇದ್ದರೂ ಸರಿ. ಮಕ್ಕಳ ಸೈಕಲ್ ಜೊತೆ 'ಫ್ರೀ' ಬರುವ ಹೆಲ್ಮೆಟ್ಟಿನ ಒಳಗೊಮ್ಮೆ ನೋಡಿ, ಆಮೇಲೆ ಹೇಳಿ.

ಮೂರನೆಯದು, ದುಡ್ಡು. ಚೀಟಿ ಇರುವ ಒಳ್ಳೆಯ ಹೆಲ್ಮೆಟ್ಟು ಸಾವಿರ ರೂಪಾಯಿ ಆಸುಪಾಸಿನಲ್ಲೇ ಸಿಗುತ್ತೆ. ಹತ್ತು ಸಾವಿರದ್ದು ಹತ್ತು ಪಟ್ಟು ಕಾಪಾಡುತ್ತೆ ಅಂತಲ್ಲ. ಜಾಸ್ತಿ ದುಡ್ಡಿಗೆ ಮುಖ್ಯವಾಗಿ ಸಿಗೋದು ಕಡಿಮೆ ತೂಕ, ಹೆಚ್ಚು ಗಾಳಿ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ 2018ರಿಂದ ಸೈಕಲ್ ಹೆಲ್ಮೆಟ್ಟುಗಳಿಗೆ ನಕ್ಷತ್ರ ಕೊಡ್ತಾ ಇದೆ. ಅಗ್ಗದವಕ್ಕೂ ಅಲ್ಲಿ ಐದು ನಕ್ಷತ್ರ ಸಿಕ್ಕಿದ್ದಿದೆ. ಇನ್ನು 'ಮಿಪ್ಸ್' ಅನ್ನೋ ಹಳದಿ ಚೀಟಿ ನೀವು ನೋಡಿರಬಹುದು. ಸ್ವೀಡನ್ನಿನವರು ಕಂಡುಹಿಡಿದದ್ದು. ಓರೆಯಾಗಿ ಬಿದ್ದಾಗ ತಲೆ ತಿರುಚಿದಂತಾಗುತ್ತಲ್ಲ, ಆ ತಿರುಚುವಿಕೆಯನ್ನು ಕಡಿಮೆ ಮಾಡೋಕೆ ಒಳಗೆ ಒಂದಿಷ್ಟು ಜಾರುವ ಪದರ ಇಟ್ಟಿರ್ತಾರೆ. ಕೈಯಲ್ಲಿ ದುಡ್ಡಿದ್ದರೆ ತಗೊಳ್ಳಿ, ಒಳ್ಳೆಯದೇ. ಆದರೆ ಸಡಿಲವಾದ ಮಿಪ್ಸ್‌ಗಿಂತ ಸರಿಯಾಗಿ ಕೂತ ಸಾದಾ ಹೆಲ್ಮೆಟ್ಟೇ ಮೇಲು ಅನ್ನೋದು ನನ್ನ ಮತ.

ಇನ್ನು ಹಾಕಿಕೊಳ್ಳುವ ಕ್ರಮ. ಕನ್ನಡಿ ಮುಂದೆ ನಿಂತು ಮಾಡಿ, ಹತ್ತು ನಿಮಿಷದ ಕೆಲಸ. ಮೊದಲು ಪಟ್ಟಿ ಹಾಕದೆ, ತಿರುಗಣೆ ಪೂರ್ತಿ ಸಡಿಲ ಮಾಡಿ, ಹೆಲ್ಮೆಟ್ಟನ್ನು ತಲೆಗೆ ಇಡಿ. ಸುತ್ತಲೂ ಒಂದೇ ಸಮ ತಾಗಬೇಕು. ಕಪಾಲದ ಎರಡೂ ಬದಿ ಒತ್ತಿ, ಹಣೆ ಮುಂದೆ ಜಾಗ ಉಳಿದರೆ ಅದರ ಆಕಾರ ನಿಮ್ಮ ತಲೆಗೆ ಹೊಂದಲ್ಲ. ಸೈಜು ಸರಿ ಇದ್ದರೂ ಬೇರೆ ಕಂಪನಿಯದ್ದು ನೋಡಿ. ತಲೆಗಳಲ್ಲಿ ದುಂಡನೆಯವೂ ಇವೆ, ಉದ್ದನೆಯವೂ ಇವೆ. ಆಮೇಲೆ ತಿರುಗಣೆ ಹಿತವಾಗಿ ಬಿಗಿ ಮಾಡಿ ತಲೆ ಅಲ್ಲಾಡಿಸಿ. ಹೆಲ್ಮೆಟ್ಟಿನ ಜೊತೆ ಹಣೆಯ ಚರ್ಮವೂ ಅಲುಗಬೇಕು. ಹೆಲ್ಮೆಟ್ ಮಾತ್ರ ಅಲುಗಿ ಚರ್ಮ ಅಲ್ಲೇ ಇದ್ದರೆ ಅದು ದೊಡ್ಡದು.

ಹೆಲ್ಮೆಟ್ ನೆಲಕ್ಕೆ ಸಮನಾಗಿ ಕೂರಬೇಕು. ಹುಬ್ಬಿಗೂ ಹೆಲ್ಮೆಟ್ಟಿಗೂ ಮಧ್ಯೆ ಎರಡು ಬೆರಳು, ಅದಕ್ಕಿಂತ ಜಾಸ್ತಿ ಬೇಡ. ನೆತ್ತಿ ಮೇಲೆ ಹಿಂದಕ್ಕೆ ಜಾರಿಸಿ ಹಾಕೋದು ನೋಡೋಕೆ ಸ್ಟೈಲಾಗಿರಬಹುದು, ಆದರೆ ಮುಂದಕ್ಕೆ ಮುಗ್ಗರಿಸಿದಾಗ ಮೊದಲು ತಾಗೋದು ಹಣೆ, ಅದನ್ನೇ ಬಿಟ್ಟರೆ ಏನು ಉಪಯೋಗ? ಕಿವಿಯ ಮುಂದೊಂದು ಹಿಂದೊಂದು ಬರುವ ಪಟ್ಟಿಗಳು ಕಿವಿಯ ಹಾಲೆಯ ಸ್ವಲ್ಪ ಕೆಳಗೆ ಕೂಡಬೇಕು. ಅಲ್ಲಿರುವ ಪುಟ್ಟ ಕ್ಲಿಪ್ಪನ್ನು ಸರಿಸಿ ಹೊಂದಿಸಬಹುದು, ಬಹಳಷ್ಟು ಜನ ಅದನ್ನು ಮುಟ್ಟೋದೇ ಇಲ್ಲ. ಗಲ್ಲದ ಕೆಳಗೆ ಪಟ್ಟಿ ಹಾಕಿದಾಗ ಒಂದು ಬೆರಳು, ಹೆಚ್ಚೆಂದರೆ ಎರಡು, ತೂರುವಷ್ಟು ಜಾಗ. ಈಗ ದೊಡ್ಡದಾಗಿ ಆಕಳಿಸಿ. (ಈ ಬರಹ ಇಲ್ಲಿವರೆಗೆ ಓದಿದವರಿಗೆ ಕಷ್ಟ ಆಗಲಿಕ್ಕಿಲ್ಲ!) ಬಾಯಿ ತೆರೆದಾಗ ಹೆಲ್ಮೆಟ್ ನೆತ್ತಿಯನ್ನು ಕೆಳಕ್ಕೆ ಒತ್ತಿದಂತಾಗಬೇಕು. ಕೊನೆಗೆ ಮುಂದಿನ ಅಂಚನ್ನು ಅಂಗೈಯಿಂದ ಮೇಲಕ್ಕೆ, ಹಿಂದಿನ ಅಂಚನ್ನು ಮುಂದಕ್ಕೆ ತಳ್ಳಿ ನೋಡಿ. ಒಂದು ಇಂಚಿಗಿಂತ ಹೆಚ್ಚು ಸರಿದರೆ ಮತ್ತೆ ಮೊದಲಿನಿಂದ.

ಒಂದು ಮಾತು ನೆನಪಿರಲಿ. ಹಿಂದಿನ ತಿರುಗಣೆ ಹೆಲ್ಮೆಟ್ ಅಲುಗದಂತೆ ಇಡುತ್ತೆ ಅಷ್ಟೆ, ಬೀಳುವಾಗ ಹಾರಿಹೋಗದಂತೆ ಹಿಡಿಯೋದು ಗಲ್ಲದ ಪಟ್ಟಿ. ಪಟ್ಟಿ ಹಾಕದ ಹೆಲ್ಮೆಟ್ಟು ನೆಲಕ್ಕೆ ನಮಗಿಂತ ಮೊದಲೇ ಹೋಗಿ ಕೂತಿರುತ್ತೆ.

ನಮ್ಮ ಕಡೆಯ ಕೆಲವು ವಿಶೇಷ ತೊಂದರೆಗಳಿವೆ, ಹೊರದೇಶದ ಕೈಪಿಡಿಗಳಲ್ಲಿ ಅವು ಸಿಗಲ್ಲ. ಒಂದು, ಜಡೆ. ಎತ್ತಿ ಕಟ್ಟಿದ ತುರುಬು ಅಥವಾ ಎತ್ತರದ ಪೋನಿಟೇಲ್ ಇದ್ದರೆ ಹೆಲ್ಮೆಟ್ ಮುಂದಕ್ಕೆ ತಳ್ಳಲ್ಪಡುತ್ತೆ. ಕುತ್ತಿಗೆ ಹತ್ತಿರ ಇಳಿಬಿಟ್ಟ ಒಂದು ಜಡೆ ಒಳ್ಳೆಯದು. ಎರಡು ಜಡೆ ಮೇಲಕ್ಕೆ ಮಡಿಸಿ ರಿಬ್ಬನ್ ಕಟ್ಟಿಕೊಂಡು ಹೋಗುವ ಶಾಲೆ ಹುಡುಗಿಯರು ಆ ಗಂಟನ್ನು ಕಿವಿಯ ಕೆಳಗೆ ಕಟ್ಟಿಕೊಂಡರೆ ಸರಿ. ತಲೆ ಅಳೆಯುವಾಗಲೂ ದಿನಾ ಹಾಕುವ ಜಡೆಯಲ್ಲೇ ಅಳೆಯಿರಿ. (ಕೆನಡಾದ ಟೀನಾ ಸಿಂಗ್ ಅನ್ನುವವರು ತಮ್ಮ ಮಕ್ಕಳ ತಲೆಗಂಟಿಗೆ ಯಾವ ಹೆಲ್ಮೆಟ್ಟೂ ಸರಿಹೋಗದೆ, ಸಿಖ್ ಮಕ್ಕಳಿಗೆಂದೇ ಮೇಲ್ಗಡೆ ಉಬ್ಬಿದ ಹೆಲ್ಮೆಟ್ ಮಾಡಿಸಿದ್ದಾರೆ. ತಲೆ ಬದಲಾಗಲ್ಲ ಅಂದರೆ ಹೆಲ್ಮೆಟ್ ಬದಲಾಗಬೇಕು, ನೋಡಿ!) ಎರಡು, ಮಂಕಿ ಕ್ಯಾಪು. ಡಿಸೆಂಬರ್ ಬೆಳಿಗ್ಗೆ ದಪ್ಪ ಉಲ್ಲನ್ ಟೋಪಿ ಮೇಲೆ ಹೆಲ್ಮೆಟ್ ಇಟ್ಟರೆ ಅದು ತಲೆಯಿಂದ ಮೇಲೆದ್ದು ಕೂರುತ್ತೆ. ತೆಳು ಬಟ್ಟೆ ಸಾಕು. ಮೂರು, ಕೊಬ್ಬರಿ ಎಣ್ಣೆ. ಒಳಗಿನ ಮೆತ್ತೆಗಳು ಎಣ್ಣೆ ಕುಡಿದು ಜಿಡ್ಡಾಗಿ ನಾರುತ್ತವೆ, ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹೆಲ್ಮೆಟ್ಟನ್ನು ಪೆಟ್ರೋಲು, ಥಿನ್ನರ್‌ನಿಂದ ಒರೆಸೋಕೆ ಹೋಗಬೇಡಿ, ಥರ್ಮೊಕೋಲ್ ಕರಗಿಹೋಗುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೂ ಬಿಡಬೇಡಿ.

ಮಕ್ಕಳಿಗೆ ಇನ್ನೊಂದು ಮಾತು, ಇದು ಬಹಳ ಮುಖ್ಯ. ಸೈಕಲ್ ಇಳಿದ ಮೇಲೆ ಹೆಲ್ಮೆಟ್ ತೆಗೆಸಿ. ಅದನ್ನು ಹಾಕಿಕೊಂಡೇ ಜಾರುಬಂಡೆಗೋ ಮರಕ್ಕೋ ಹತ್ತಿದರೆ, ಸಂದಿಯಲ್ಲಿ ಹೆಲ್ಮೆಟ್ ಸಿಕ್ಕಿಕೊಂಡು ಗಲ್ಲದ ಪಟ್ಟಿಯೇ ಕುತ್ತಿಗೆಗೆ ಉರುಳಾಗಬಹುದು. ಇದನ್ನು ತಪ್ಪಿಸೋಕೇ ಯುರೋಪಿನಲ್ಲಿ ಇಎನ್ 1080 ಅಂತ ಪುಟ್ಟ ಮಕ್ಕಳಿಗೆ ಬೇರೆ ಮಾನದಂಡ ಇದೆ, ಜೋರಾಗಿ ಜಗ್ಗಿದರೆ ಅದರ ಪಟ್ಟಿ ತಾನಾಗಿ ಬಿಟ್ಟುಕೊಳ್ಳುತ್ತೆ.

ಈಗ ನನ್ನ ಎರಡನೇ ಮಾತು. "ಇಷ್ಟೆಲ್ಲಾ ಹೇಳಿದ ಮೇಲೆ ಸರ್ಕಾರ ಕಡ್ಡಾಯ ಮಾಡಿದರೆ ಒಳ್ಳೇದಲ್ವಾ?" ಅಂತ ನೀವು ಕೇಳಬಹುದು. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಮೋಟಾರು ದ್ವಿಚಕ್ರಗಳಿಗೆ ಮಾತ್ರ, ಸೈಕಲ್ಲಿಗೆ ಅಲ್ಲ. ಅದು ಹಾಗೇ ಇರಲಿ ಅಂತ ನಾನು ಹೇಳ್ತೀನಿ.

ಒಂದನೇ ಕಾರಣ, ಕಾನೂನಿನ ಕಣ್ಣಿಗೆ ಕಾಣೋದು ಹೆಲ್ಮೆಟ್ ಇದೆಯೋ ಇಲ್ಲವೋ ಅನ್ನೋದು ಮಾತ್ರ. ತಲೆಗೆ ಕೂತಿದೆಯೋ ಇಲ್ಲವೋ ಅದಕ್ಕೆ ಕಾಣಲ್ಲ. ಬೈಕಿನವರನ್ನೇ ನೋಡಿ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಬೈಕಿನ ವೇಗಕ್ಕೆ ಅದು ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಎಷ್ಟು ಜನ ಸಿಗ್ನಲ್ ಹತ್ತಿರ ಪೊಲೀಸರನ್ನು ಕಂಡು ತಲೆಗೆ ಇಟ್ಟು, ಪಟ್ಟಿ ಹಾಕದೆ, ಮುಂದಿನ ತಿರುವಿನಲ್ಲಿ ಕನ್ನಡಿಗೆ ನೇತುಹಾಕ್ತಾರೆ! ಅದು ತಲೆಗಾಗಿ ಕೊಂಡ ಹೆಲ್ಮೆಟ್ಟಲ್ಲ, ದಂಡಕ್ಕೆ ಹೆದರಿ ಕೊಂಡದ್ದು. ನಾಳೆ ಸೈಕಲ್ಲಿಗೂ ಕಡ್ಡಾಯವಾದರೆ ಫುಟ್‌ಪಾತಿನಲ್ಲಿ ಬಣ್ಣದ ಪ್ಲಾಸ್ಟಿಕ್ ಬೋಗುಣಿಗಳು ಸಾಲಾಗಿ ಮಾರಾಟಕ್ಕೆ ಬರ್ತವೆ, ಅಷ್ಟೆ.

ಇದಕ್ಕೊಂದು ಅಪವಾದ ಇದೆ, ಹೇಳದೆ ಇದ್ದರೆ ತಪ್ಪಾಗುತ್ತೆ. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿ, ಒಂದು ವರ್ಷದ ನಂತರ ಜಾರಿಗೆ ಬಂದ ನಿಯಮ. ಬೈಕಿನಲ್ಲಿ ಕೂರಿಸಿಕೊಂಡು ಹೋಗುವ ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ 'ಅದರ ತಲೆಗೆ ಹೊಂದುವ' ಹೆಲ್ಮೆಟ್ ಇರಬೇಕು ಅನ್ನುತ್ತೆ ಅದು. ಅಷ್ಟೇ ಅಲ್ಲ, ಇಎನ್ 1078 ಅಥವಾ ಇಎನ್ 1080 ಗುರುತಿನ ಸೈಕಲ್ ಹೆಲ್ಮೆಟ್ಟೂ ಆಗುತ್ತೆ ಅಂತ ಹೇಳುತ್ತೆ. ನಮ್ಮ ಕಾನೂನಿನಲ್ಲಿ ಸೈಕಲ್ ಹೆಲ್ಮೆಟ್ಟಿನ ಹೆಸರು, ತಲೆಗೆ ಹೊಂದಬೇಕು ಅನ್ನುವ ಮಾತು, ಎರಡೂ ಬಂದಿವೆ ನೋಡಿ. ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವ ಎಷ್ಟು ಅಪ್ಪಂದಿರಿಗೆ ಇದು ಗೊತ್ತು?

ಎರಡನೇ ಕಾರಣ, ದಂಡ ಬೀಳೋದು ಯಾರಿಗೆ ಅನ್ನೋದು. ನಮ್ಮ ಊರುಗಳಲ್ಲಿ ದಿನಾ ಸೈಕಲ್ ತುಳಿಯೋರು ಭಾನುವಾರದ ನಾವಲ್ಲ. ಬೆಳಿಗ್ಗೆ ಐದಕ್ಕೆ ಪೇಪರ್ ಹಾಕುವ ಹುಡುಗ, ಕ್ಯಾನು ಕಟ್ಟಿಕೊಂಡ ಹಾಲಿನವರು, ರಾತ್ರಿ ಪಾಳಿ ಮುಗಿಸಿ ಹೊರಟ ಸೆಕ್ಯೂರಿಟಿ ಗಾರ್ಡು, ಸೆಂಟ್ರಿಂಗ್ ಕೆಲಸದವರು, ಕ್ಯಾರಿಯರ್ ಮೇಲೆ ಸ್ಟವ್ ಇಟ್ಟು ರಾತ್ರಿ ಟೀ ಮಾರುವವರು, ಹಳ್ಳಿಯಿಂದ ಹೈಸ್ಕೂಲಿಗೆ ಬರುವ ಮಕ್ಕಳು. 2006-07ರಲ್ಲಿ ಶುರುವಾಗಿ ಕೋವಿಡ್ ವೇಳೆಗೆ ನಿಂತ ಸರ್ಕಾರದ ಉಚಿತ ಸೈಕಲ್ ಯೋಜನೆಯಿಂದ ಎಂಟನೇ ಕ್ಲಾಸಿನ ಎಷ್ಟು ಹೆಣ್ಣುಮಕ್ಕಳು ಮೊದಲ ಸಲ ತಮ್ಮದೇ ಸೈಕಲ್ ತುಳಿದರು! ಸಾವಿರ ರೂಪಾಯಿ ನಿಮಗೂ ನನಗೂ ಒಂದು ಹೋಟೆಲ್ ಬಿಲ್ಲು. ಇವರಿಗೆ ಅದು ಎರಡು ದಿನದ ಕೂಲಿ. ಕೈಯಲ್ಲಿ ರಸೀದಿ ಪುಸ್ತಕ ಇರುವವರಿಗೆ ಸುಲಭವಾಗಿ ಸಿಗೋದು ಇವರೇ.

ಇದು ಬರೀ ನನ್ನ ಊಹೆ ಅಲ್ಲ. ಅಮೆರಿಕದಲ್ಲಿ ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ ಸೈಕಲ್ ಹೆಲ್ಮೆಟ್ ಕಡ್ಡಾಯ ಇತ್ತು. ಹೌದು, ಮೇಲೆ ಹೇಳಿದ ಅಧ್ಯಯನ ನಡೆದ ಅದೇ ಸಿಯಾಟಲ್. 2022ರಲ್ಲಿ ಅಲ್ಲಿನ ಆರೋಗ್ಯ ಮಂಡಳಿಯೇ ಅದನ್ನು ರದ್ದು ಮಾಡಿತು. ದಂಡದ ಚೀಟಿಗಳು ಮನೆ ಇಲ್ಲದವರ ಮೇಲೆ, ಕಪ್ಪು ಜನರ ಮೇಲೆ ಅಳತೆ ಮೀರಿ ಬೀಳ್ತಿದ್ದವು ಅನ್ನೋದು ಕಾರಣ. ಆದರೆ ಹೆಲ್ಮೆಟ್ ಹಾಕಿ ಅಂತ ಹೇಳೋದನ್ನು ಅವರು ನಿಲ್ಲಿಸಲಿಲ್ಲ. ಮೆಕ್ಸಿಕೊ ನಗರವೂ 2010ರಲ್ಲಿ ತನ್ನ ಕಡ್ಡಾಯ ನಿಯಮ ಕೈಬಿಟ್ಟಿತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1990ರ ಜುಲೈಯಿಂದ ಕಡ್ಡಾಯವಾದಾಗ ಹೆಲ್ಮೆಟ್ ಹಾಕುವವರು ಹೆಚ್ಚಿದರು ನಿಜ. ಆದರೆ ನಂತರ ಮೆಲ್ಬರ್ನ್‌ನಲ್ಲಿ ಮಾಡಿದ ಎಣಿಕೆಗಳಲ್ಲಿ ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆ ಕುಸಿದಿತ್ತು. ಇದರ ಬಗ್ಗೆ ಅಲ್ಲಿ ಇವತ್ತಿಗೂ ಜಗಳ ಮುಗಿದಿಲ್ಲ.

ಮೂರನೇ ಕಾರಣ, ಕಡ್ಡಾಯ ಅಂದ ತಕ್ಷಣ ಜವಾಬ್ದಾರಿ ಪೂರ್ತಿ ಸವಾರನ ತಲೆ ಮೇಲೆ ಬೀಳುತ್ತೆ. ನೆದರ್‌ಲ್ಯಾಂಡ್ಸ್‌ನಲ್ಲಿ ದಿನನಿತ್ಯ ಸೈಕಲ್ ತುಳಿಯುವವರಲ್ಲಿ ಹೆಲ್ಮೆಟ್ ಹಾಕುವವರು ತೀರಾ ಕಡಿಮೆ. ಅಲ್ಲಿ ಸೈಕಲ್ಲಿಗೆ ಬೇರೆ ದಾರಿ ಇದೆ, ಕಾರಿನವರು ಸೈಕಲ್ಲಿಗೆ ಹೆದರ್ತಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೂ 2020ರಲ್ಲಿ ಪ್ಲಾಸ್ಟಿಕ್ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ದರು. ಕೆಲವೇ ದಿನಗಳಲ್ಲಿ ಅದರೊಳಗೆ ಬೈಕುಗಳು ನುಗ್ಗಿದವು, ಕಂಬಗಳು ಮುರಿದವು. ನಾನು ಆಗಲೇ ಹೇಳಿದ ಟಿಪ್ಪರ್ ಲಾರಿಯ ಪ್ರಶ್ನೆಗೆ ಉತ್ತರ ಇರೋದು ಅಂಥ ದಾರಿಗಳಲ್ಲಿ, ಬೀದಿದೀಪಗಳಲ್ಲಿ, ಮುಚ್ಚಿದ ಗುಂಡಿಗಳಲ್ಲಿ. ಸತ್ತವನು ಹೆಲ್ಮೆಟ್ ಹಾಕಿದ್ದನೋ ಇಲ್ಲವೋ ಅಂತ ಕೇಳುವ ಮೊದಲು ಆ ರಸ್ತೆಯಲ್ಲಿ ದೀಪ ಇತ್ತೋ ಅಂತ ಕೇಳುವ ಅಭ್ಯಾಸ ನಮಗೆ ಬರಬೇಕು.

ಹಾಗಾದರೆ ಮಾಡಬೇಕಾದ್ದೇನು? ಸೈಕಲ್ ಅಂಗಡಿಗಳಲ್ಲಿ ಐದು ರೂಪಾಯಿಯ ಒಂದು ಅಳತೆ ಟೇಪು ನೇತುಹಾಕಿರಲಿ. ಶಾಲೆಗಳಲ್ಲಿ ವರ್ಷಕ್ಕೊಂದು ದಿನ ಮಕ್ಕಳ ಎತ್ತರ ತೂಕ ಅಳೆಯುವಾಗ ತಲೆಯನ್ನೂ ಅಳೆದು ಬರೆದುಕೊಡಲಿ. ಉಚಿತ ಸೈಕಲ್ ಯೋಜನೆ ಮತ್ತೆ ಎಂದಾದರೂ ಬಂದರೆ, ಪ್ರತಿ ಮಗುವಿಗೂ ಅದರ ತಲೆಯ ಅಳತೆಯ ಹೆಲ್ಮೆಟ್ ಜೊತೆಗೆ ಬರಲಿ, ಎಲ್ಲರಿಗೂ ಒಂದೇ ಸೈಜು ಹಂಚುವುದು ಬೇಡ. ಪತ್ರಿಕೆ ಏಜೆಂಟರು ಹುಡುಗರಿಗೆ, ಸೆಕ್ಯೂರಿಟಿ ಕಂಪನಿಗಳು ಗಾರ್ಡುಗಳಿಗೆ ಯೂನಿಫಾರಂ, ಜರ್ಕಿನ್ ಕೊಟ್ಟ ಹಾಗೆ ಹೆಲ್ಮೆಟ್ಟು, ಹಿಂದಿನ ಕೆಂಪು ದೀಪ ಕೊಡಲಿ. ಹೆಲ್ಮೆಟ್ ಹೀಗೆ ತಲೆಗಳನ್ನು ತಲುಪಬೇಕು, ರಸೀದಿ ಪುಸ್ತಕದ ಮೂಲಕ ಅಲ್ಲ.

ಮತ್ತೆ ನಾವು? ಈ ಸಲ ನಿಮ್ಮ ಮನೆ ಮಕ್ಕಳು ಸೈಕಲ್ ತೆಗೆದಾಗ ಹೆಲ್ಮೆಟ್ಟಿನೊಳಗೆ ಒಂದು ಬೆರಳು ಹಾಕಿ ನೋಡಿ. ಮನೆಗೆ ಪೇಪರ್ ಹಾಕುವ ಹುಡುಗನಿಗೆ ಈ ದೀಪಾವಳಿಗೆ ಪಟಾಕಿ ದುಡ್ಡು ಕೊಡುವ ಬದಲು ಅವನ ತಲೆ ಅಳೆದು ಒಂದು ಹೆಲ್ಮೆಟ್ ಕೊಡಿಸಬಹುದಾ ಯೋಚಿಸಿ. ಬೀದಿಯ ನಾಲ್ಕು ಮನೆಯವರು ಸೇರಿದರೆ ತಲೆಗೆ ಇನ್ನೂರೈವತ್ತು ಬೀಳುತ್ತೆ.

ಕಡ್ಡಾಯದ ವಿಷಯದಲ್ಲಿ ನಿಮ್ಮಲ್ಲಿ ಹಲವರಿಗೆ ನನ್ನ ಮಾತು ಒಪ್ಪಿಗೆಯಾಗದೆ ಇರಬಹುದು. ಜಗಳಕ್ಕೆ ಬನ್ನಿ, ಕಾಯ್ತಾ ಇರ್ತೀನಿ. ಆದರೆ ಬರುವ ಮೊದಲು ತಲೆ ಅಳೆದುಕೊಂಡು ಬನ್ನಿ, ಎಷ್ಟು ಸೆಂಟಿಮೀಟರ್ ಅಂತಾನೂ ಬರೀರಿ :-)